ಹಳೆಯ ಲೇತ್: ಗ್ರೈಂಡರ್ ಮುಟ್ಟಿಸುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ನಮ್ಮ ಶೆಡ್ಡಿಗೆ ಬಂದ, ತುಕ್ಕು ಹಿಡಿದ ಹಳೆಯ ಲೇತಿನ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಚಿತ್ರ ನೋಡಿ ಹಲವರು ಸಲಹೆ ಕೊಟ್ಟಿದ್ದೀರಿ, ಸಂತೋಷ. ಆದರೆ 'ಗ್ರೈಂಡರ್ ಹಿಡಿದು ಬೆಡ್ ಬೆಳಗಿಸಿ' ಎಂಬ ಸಲಹೆಯನ್ನು ಯಾರೂ ಪಾಲಿಸಬೇಡಿ. ಬೆಡ್ ಎಂದರೆ ಲೇತಿನ ಉದ್ದನೆಯ ತಳಭಾಗ; ಕಡೆಯುವ ಉಳಿಯನ್ನು ಹೊತ್ತ ಕ್ಯಾರೇಜ್ ನೇರವಾಗಿ ಸಾಗುವುದೇ ಅದರ ಹಳಿಗಳ ಮೇಲೆ. ಅಲ್ಲಿ ಒಮ್ಮೆ ತಗ್ಗು ಬಿದ್ದರೆ ತಿರುವಿದ ಪ್ರತಿ ಶಾಫ್ಟಿನಲ್ಲೂ ಅದು ಕಾಣಿಸುತ್ತದೆ. ಸೀಮೆಎಣ್ಣೆ ಸುರಿದು ನೆನೆಯಲು ಬಿಡಿ, ಬ್ಲೇಡನ್ನು ಮಲಗಿಸಿ ಮೆಲ್ಲಗೆ ಕೆರೆಯಿರಿ. ಉಳಿಯುವ ಕಪ್ಪು ಕಲೆಯಿಂದ ಏನೂ ತೊಂದರೆಯಿಲ್ಲ.

ಸಣ್ಣ ಭಾಗಗಳ ತುಕ್ಕನ್ನು ವಿದ್ಯುತ್ತಿನಿಂದ ಬಿಡಿಸಲು ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು. ತುಕ್ಕು ಹಿಡಿದ ತುಂಡಿಗೆ ಋಣ ತಂತಿ, ಸಾದಾ ಕಬ್ಬಿಣದ ತಗಡಿಗೆ ಧನ ತಂತಿ. ಸ್ಟೇನ್‌ಲೆಸ್ ಸ್ಟೀಲ್ ತಗಡು ಬೇಡವೇ ಬೇಡ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಬಕೆಟ್ ಅಂಗಳದಲ್ಲಿರಲಿ.

ಮೋಟಾರು ಮೂರು ಫೇಸಿನದು, ಮನೆಯಲ್ಲಿರುವುದು 230 ವೋಲ್ಟಿನ ಒಂದು ಫೇಸ್. ವಿಎಫ್‌ಡಿ, ಅಂದರೆ ಆ ಒಂದು ಫೇಸಿನಿಂದ 230 ವೋಲ್ಟಿನ ಮೂರು ಫೇಸ್ ಮಾಡಿಕೊಡುವ ಸಾಧನ, ಹಾಕುವ ಯೋಚನೆಯಿದೆ. 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುವ ಮೋಟಾರಿನ ಆರು ತುದಿಗಳೂ ಹೊರಗಿದ್ದರೆ, ಆ 230 ವೋಲ್ಟಿಗೆ ಹೊಂದುವಂತೆ ಸುರುಳಿಗಳ ಜೋಡಣೆಯನ್ನು ಡೆಲ್ಟಾಕ್ಕೆ ಬದಲಿಸಬಹುದು. ನಾಮಫಲಕ ಓದದೆ ಯಾರೂ ತಂತಿ ಮುಟ್ಟಬಾರದು.

ನಮ್ಮ ಕಡೆಯ ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ ಕೆಟ್ಟದ್ದು, ಒಳಗೇ ನೀರು ಕಟ್ಟುತ್ತದೆ. 68ರ ದರ್ಜೆಯ ಸ್ಲೈಡ್‌ವೇ ಎಣ್ಣೆ (ಜಾರುವ ಹಳಿಗಳಿಗೆ ಹಾಕುವ ಎಣ್ಣೆ; 68 ಅದರ ದಪ್ಪದ ಗುರುತು) ಸವರಿ ಹತ್ತಿ ಬಟ್ಟೆ ಹೊದಿಸಿದ್ದೇನೆ.

ಭಾನುವಾರ ಬರುವವರು, ಬೆಡ್ ಮಟ್ಟವಾಗಿದೆಯೇ ನೋಡಲು ಸೂಕ್ಷ್ಮ ರಸಮಟ್ಟವಿದ್ದರೆ ತನ್ನಿ. ಬಡಗಿಯ ಮಟ್ಟ ಇದಕ್ಕೆ ಸಾಲದು. ಹಳೆಯ ಚೇಂಜ್ ಗೇರ್ (ಸ್ಕ್ರೂ ಎಳೆ ಕಡೆಯುವಾಗ ಬದಲಿಸಿ ಹಾಕುವ ಹಲ್ಲುಚಕ್ರ) ಯಾರ ಬಳಿಯಾದರೂ ಇದ್ದರೆ ಹಲ್ಲುಗಳ ಸಂಖ್ಯೆಯನ್ನೂ ರಂಧ್ರದ ಅಳತೆಯನ್ನೂ ಇಲ್ಲೇ ಬರೆಯಿರಿ.