ಎದುರುಮನೆಯ ಕ್ಯಾರಿಯರ್

ಅಮ್ಮ ಬಿದ್ದು ನಿನ್ನೆಗೆ ನಾಲ್ಕು ತಿಂಗಳಾಯಿತು. ಆಗ ಜೊತೆಗಿದ್ದವರಿಗೆಲ್ಲ ಒಂದು ಮಾತು ಹೇಳುವುದು ಬಾಕಿ ಉಳಿದಿತ್ತು.

ಅಮ್ಮನಿಗೆ 81 ವರ್ಷ. ಬೆಳಗಿನ ಜಾವ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿದಳು. ಬಲಗಾಲು ಹೊರಕ್ಕೆ ತಿರುಗಿಕೊಂಡು, ಎಡಗಾಲಿಗಿಂತ ಗಿಡ್ಡ ಕಾಣುತ್ತಿತ್ತು. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಮೊದಲು ತೋರಿಸಿದ ಕಡೆ, 'ಈ ವಯಸ್ಸಿಗೆ ಆಪರೇಷನ್ ಯಾಕೆ, ಮನೆಯಲ್ಲೇ ಮಲಗಿಸಿ ನೋಡಿಕೊಳ್ಳಿ' ಎಂದರು. ನಾಟಿ ಕಟ್ಟು ಹಾಕಿಸೋಣ ಎಂದರು ನೆಂಟರು. ಶುಗರ್, ಬಿಪಿ ಎರಡೂ ಇರುವ ಅಮ್ಮ. ನನಗೂ ಭಯವೇ.

ಆ ಮಧ್ಯಾಹ್ನ ಎಕ್ಸ್-ರೇ ಹಿಡಿದು ನಮ್ಮ ಪಕ್ಕ ಕೂತು ಮಾತಾಡಿದ ಮೂಳೆ ಡಾಕ್ಟರಿಗೆ ಮೊದಲ ನಮಸ್ಕಾರ. 'ಮೂಳೆ ಕೂಡಿಸೋದಕ್ಕಿಂತ ಜಾಸ್ತಿ, ಅವರನ್ನ ಹಾಸಿಗೆಯಿಂದ ಎಬ್ಬಿಸೋಕೆ ಈ ಆಪರೇಷನ್ ಕಣಮ್ಮ' ಎಂದರು. ಮಲಗಿಯೇ ಇದ್ದರೆ ಎದೆಗೆ ನ್ಯುಮೋನಿಯಾ, ಬೆನ್ನಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೇ ಜೀವಕ್ಕೆ ಕುತ್ತು ತರುವುದಂತೆ. ತೊಡೆಮೂಳೆಯ ತುದಿಯಲ್ಲಿ ಸೊಂಟದ ಕೀಲಿಗೆ ಕೂರುವ ಗುಂಡು, ಅದರ ಕೆಳಗೆ ಸಪೂರವಾದ ಕತ್ತು ಇರುತ್ತದೆ; ಆ ಕತ್ತೇ ಮುರಿದು ಜರುಗಿದ್ದರೆ ಗುಂಡನ್ನೇ ಬದಲಾಯಿಸಬೇಕಿತ್ತು. ಅಮ್ಮನದು ಕತ್ತಿನ ಕೆಳಗೆ ಮುರಿದಿದ್ದರಿಂದ ಮೂಳೆಯೊಳಗೆ ರಾಡ್ ಹಾಕಿದರು. ಆದಷ್ಟು ಬೇಗ, 48 ಗಂಟೆಯೊಳಗೆ ಆಗಬೇಕು ಎಂದವರು ಮರುದಿನವೇ ಮುಗಿಸಿದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಅರಿವಳಿಕೆ ಡಾಕ್ಟರು ಅಪಾಯವನ್ನೂ ಮುಚ್ಚಿಡದೆ ಹೇಳಿದ್ದರು. ಅದರಿಂದಲೇ ನನಗೆ ಧೈರ್ಯ ಬಂತು.

ಆಪರೇಷನ್‌ಗಿಂತ ಕಷ್ಟವಾಗಿದ್ದು ಆ ರಾತ್ರಿ. ಅಮ್ಮ ನನ್ನ ಗುರುತೇ ಹಿಡಿಯಲಿಲ್ಲ. ಹಸು ಕರೆಯಬೇಕು, ಬಿಡಿ ನನ್ನ ಎಂದು ಡ್ರಿಪ್ ಕಿತ್ತಳು. ನಾನು ಅಳುತ್ತಾ ನಿಂತೆ. ನೈಟ್ ಡ್ಯೂಟಿಯ ಸಿಸ್ಟರ್ ಬಂದು ಅಮ್ಮನ ಕನ್ನಡಕ ಹಾಕಿದರು, ಕಿವಿ ಮಿಷನ್ ಸಿಕ್ಕಿಸಿದರು, ಕೈ ಹಿಡಿದು ಹೆಸರು ಹೇಳಿ ಮಾತಾಡಿಸಿದರು. 'ವಯಸ್ಸಾದವರಿಗೆ ಹೀಗಾಗುತ್ತೆ, ಬುದ್ಧಿ ಕೆಟ್ಟಿಲ್ಲ ಅಕ್ಕ' ಎಂದರು. ಮೂರನೇ ದಿನಕ್ಕೆ ಅಮ್ಮ ಅಮ್ಮನಾದಳು. ಸಿಸ್ಟರ್, ಆ ಒಂದು ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆ ಗೊಂದಲದ ನಡುವೆಯೇ, ಆಪರೇಷನ್ ಆದ ಮಾರನೇ ದಿನ ಫಿಸಿಯೋ ಹುಡುಗ ಅಮ್ಮನನ್ನು ವಾಕರ್ ಹಿಡಿಸಿ ನಿಲ್ಲಿಸಿದ. 'ಅಜ್ಜಿ, ಒಂದೇ ಹೆಜ್ಜೆ' ಎಂದ, ನಾಲ್ಕು ಇಡಿಸಿದ. ನಿನಗೆ ಒಳ್ಳೆಯದಾಗಲಪ್ಪ. ರಕ್ತ ಕೊಟ್ಟ ನನ್ನ ಆಫೀಸಿನ ಇಬ್ಬರಿಗೂ ಋಣಿ. ಮೂಳೆ ಟೊಳ್ಳಾಗಿದೆ, ಅದಕ್ಕೂ ಔಷಧಿ ಆಗಬೇಕು ಎಂದು ಬಿಡದೆ ನೆನಪಿಸಿ ವರ್ಷಕ್ಕೊಮ್ಮೆ ಕೊಡುವ ಡ್ರಿಪ್ ಹಾಕಿಸಿದವರಿಗೂ. ನಿಮ್ಮ ಮನೆಯ ಹಿರಿಯರು ಬಿದ್ದರೆ ದಯವಿಟ್ಟು ದಿನ ಕಳೆಯಬೇಡಿ.

ಹದಿನೈದು ದಿನ ಎರಡು ಹೊತ್ತೂ ಊಟ ಕಳಿಸಿದ್ದು ಎದುರುಮನೆಯ ಅತ್ತಿಗೆ. ನಿನ್ನೆ ಸಂಜೆ ಅಮ್ಮ ಕೋಲು ಊರಿಕೊಂಡು ರಸ್ತೆ ದಾಟಿ, ಅವರ ಕ್ಯಾರಿಯರ್ ತಾನೇ ವಾಪಸ್ ಕೊಟ್ಟು ಬಂದಳು. ಖಾಲಿ ಕೊಡಬಾರದು ಅಂತ ಒಳಗೆ ಕೋಡುಬಳೆ ತುಂಬಿದ್ದಳು.