ತಪ್ಪು ಉತ್ತರಕ್ಕೆ ಹಸಿರು ಟಿಕ್: ಇತಿಹಾಸ ಕೋರ್ಸ್ ಮಾರುವವರಿಗೊಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: 18ನೇ ಶತಮಾನದ ಇಂಗ್ಲೆಂಡ್ ಪಾಠದ ತಪ್ಪುಗಳು ಹಾಗೂ ಹಣ ವಾಪಸಾತಿ ಕುರಿತು

ಮಾನ್ಯರೇ,

ಉಪನ್ಯಾಸಕ ಹುದ್ದೆಯ ಪರೀಕ್ಷೆಗೆ ಓದುತ್ತಿರುವ ನಾನು ನಿಮ್ಮ ಇತಿಹಾಸ ಕೋರ್ಸ್‌ಗೆ ವರ್ಷದ ಚಂದಾ ಪೂರ್ತಿ ಕಟ್ಟಿದ್ದೇನೆ. ಪಾಠದ ತಪ್ಪುಗಳನ್ನು ಆ್ಯಪ್‌ನಲ್ಲೇ ಬರೆದು ಕಳಿಸಿದೆ. ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಮೆಸೇಜ್ ಬಂತು, ದೂರನ್ನು ಮುಚ್ಚಿಬಿಟ್ಟಿರಿ. ಪಾಠ ಮಾತ್ರ ಇದ್ದ ಹಾಗೇ ಇದೆ.

ಮೊದಲು ಮಾಕ್ ಟೆಸ್ಟ್ ವಿಷಯ. ರಾಜನ ಸನ್ನದು (ಅನುಮತಿ ಪತ್ರ) ಇಲ್ಲದ ಷೇರು ಕಂಪನಿಗಳನ್ನು ನಿಷೇಧಿಸಿದ 1720ರ ಬಬಲ್ ಕಾಯ್ದೆಯನ್ನು ಬ್ರಿಟನ್ ಪಾರ್ಲಿಮೆಂಟ್ ಏಕೆ ತಂದಿತು ಎಂಬುದು ಪ್ರಶ್ನೆ. ಸೌತ್ ಸೀ ಕಂಪನಿ ಮುಳುಗಿದ ಮೇಲೆ ಹೂಡಿಕೆದಾರರನ್ನು ಕಾಪಾಡಲು ಎಂಬ ಉತ್ತರಕ್ಕೆ ನಿಮ್ಮಲ್ಲಿ ಹಸಿರು ಟಿಕ್ ಬೀಳುತ್ತದೆ. ಕಾಯ್ದೆಗೆ ರಾಜನ ಅಂಕಿತ ಬಿದ್ದದ್ದು ಜೂನ್ ತಿಂಗಳಲ್ಲಿ. ಜನವರಿಯಲ್ಲಿ 128 ಪೌಂಡ್ ಆಸುಪಾಸಿನಲ್ಲಿದ್ದ ಸೌತ್ ಸೀ ಷೇರು ಆ ಬೇಸಿಗೆಯಲ್ಲಿ ಸಾವಿರದ ಹತ್ತಿರ ಹೋಗಿತ್ತು. ಅದು ನೆಲ ಕಚ್ಚಿದ್ದು ಸೆಪ್ಟೆಂಬರ್‌ನಲ್ಲಿ. ಬೀಳುವ ಮೊದಲೇ ಬಂದ ಕಾಯ್ದೆ ಬಿದ್ದವರನ್ನು ಎತ್ತಲು ಬಂದದ್ದು ಹೇಗಾದೀತು? ಅದರ ಹಿಂದೆ ಇದ್ದದ್ದೇ ಸೌತ್ ಸೀ ಕಂಪನಿ. ಆಗ ಲಂಡನ್ನಿನ ಷೇರು ವ್ಯಾಪಾರದ ಓಣಿಯಾದ ಎಕ್ಸ್‌ಚೇಂಜ್ ಅಲಿಯ ಕಾಫಿ ಹೌಸ್‌ಗಳಲ್ಲಿ ದಿನಕ್ಕೊಂದು ಹೊಸ ಕಂಪನಿ ಹುಟ್ಟಿ ಜನರ ದುಡ್ಡು ಆ ಕಡೆ ಹರಿಯುತ್ತಿತ್ತು. ಸನ್ನದಿಲ್ಲದ ಆ ಕಂಪನಿಗಳನ್ನು ಮುಚ್ಚಿಸಿದರೆ ದುಡ್ಡು ತನ್ನ ಕಡೆ ಬರುತ್ತದೆ ಎಂಬುದು ಸೌತ್ ಸೀ ಕಂಪನಿಯ ಲೆಕ್ಕ. ಆಗಸ್ಟ್‌ನಲ್ಲಿ ಕೆಲವು ಕಂಪನಿಗಳ ಮೇಲೆ ಕಾನೂನು ಕ್ರಮವೂ ಶುರುವಾಯಿತು. ಅವುಗಳ ಷೇರು ಬಿತ್ತು, ಸಾಲ ಮಾಡಿ ಕೊಂಡಿದ್ದವರು ಕೈಯಲ್ಲಿದ್ದ ಸೌತ್ ಸೀ ಷೇರನ್ನೂ ಮಾರಬೇಕಾಯಿತು. ಅಂದರೆ ಕುಸಿತದಿಂದ ಕಾಯ್ದೆ ಬಂದಿಲ್ಲ, ಕುಸಿತಕ್ಕೆ ಕಾಯ್ದೆಯೇ ಒಂದಿಷ್ಟು ಕೈ ಹಚ್ಚಿತು. ನೀವು ಕಾರ್ಯವನ್ನೇ ಕಾರಣ ಮಾಡಿಬಿಟ್ಟಿದ್ದೀರಿ. ಸರಿ ಉತ್ತರ ಕೊಟ್ಟ ನನಗೆ ಅಂಕ ಕಳೆದಿದ್ದೀರಿ.

ಎರಡನೆಯದು ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು. ಸೌತ್ ಸೀ ಕಂಪನಿ ‘ದಕ್ಷಿಣ ಸಮುದ್ರದ ಸಾಂಬಾರ ಪದಾರ್ಥಗಳ ವ್ಯಾಪಾರ’ ಮಾಡುತ್ತಿತ್ತು ಎಂದು ನೋಟ್ಸ್‌ನಲ್ಲಿದೆ. ಪಕ್ಕದಲ್ಲಿ ಲವಂಗ, ಚಕ್ಕೆಯ ಚಿತ್ರ ಬೇರೆ. 1711ರಲ್ಲಿ ಬ್ರಿಟನ್ನಿನ ಮಂತ್ರಿ ರಾಬರ್ಟ್ ಹಾರ್ಲಿ ಸರ್ಕಾರದ ಸಾಲದ ಹೊರೆ ಇಳಿಸಲು ಕಟ್ಟಿಸಿದ ಕಂಪನಿ ಅದು. ಸ್ಪೇನ್ ಸಿಂಹಾಸನಕ್ಕಾಗಿ ನಡೆದ ಯುದ್ಧದ ಕೊನೆಗೆ, 1713ರ ಉಟ್ರೆಕ್ಟ್ ಸಂಧಾನದ ವೇಳೆ ಬ್ರಿಟನ್ನಿಗೆ ದಕ್ಕಿದ ಗುತ್ತಿಗೆ ಈ ಕಂಪನಿಯ ಪಾಲಾಯಿತು: ಸ್ಪೇನ್‌ನ ಅಮೆರಿಕ ವಸಾಹತುಗಳಿಗೆ ವರ್ಷಕ್ಕೆ 4,800ರ ಲೆಕ್ಕದಲ್ಲಿ 30 ವರ್ಷ ಆಫ್ರಿಕದ ಗುಲಾಮರನ್ನು ಒದಗಿಸುವುದು. ಇದರ ಜೊತೆಗೆ ವರ್ಷಕ್ಕೊಂದು ಹಡಗಿನ ಸರಕು ಮಾರುವ ಅನುಮತಿ. ಮನುಷ್ಯರನ್ನು ಹಡಗಿಗೆ ತುಂಬಿ ದಕ್ಷಿಣ ಅಮೆರಿಕದ ಕಾರ್ಟಹೇನಾ, ಬ್ಯೂನಸ್ ಐರಿಸ್ ಬಂದರುಗಳಲ್ಲಿ ಮಾರಿದ ಕಂಪನಿಗೆ ನೀವು ಲವಂಗದ ಚಿತ್ರ ಅಂಟಿಸಿದ್ದೀರಿ. ಇದನ್ನು ಮುದ್ರಣದೋಷ ಎಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ.

ರಾಬರ್ಟ್ ವಾಲ್‌ಪೋಲ್ 1720ರಲ್ಲಿ ‘ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು’ ಎಂಬ ಸಾಲೂ ಇದೆ. ಅವರು ಖಜಾನೆಯ ಮುಖ್ಯಸ್ಥರಾದದ್ದು 1721ರ ಏಪ್ರಿಲ್‌ನಲ್ಲಿ. ಪ್ರಧಾನಮಂತ್ರಿ ಎಂಬ ಅಧಿಕೃತ ಹುದ್ದೆಯೇ ಆಗ ಇರಲಿಲ್ಲ. ಬರೆದವರು ನಮ್ಮ ರಾಷ್ಟ್ರಪತಿ ಭವನದ ಸಮಾರಂಭವನ್ನು ನೆನೆದುಕೊಂಡು ಬರೆದಂತಿದೆ.

ಇನ್ನು ಬಿಟ್ಟುಹೋದದ್ದು. ಕನ್ನಡದಲ್ಲಿ ಕಲಿಸುತ್ತೇವೆ ಎಂದು ಜಾಹೀರಾತು ಕೊಡುವ ನೀವು, ಅದೇ ಕಾಲದ ಇಂಗ್ಲೆಂಡಿನಲ್ಲಿ ಭಾರತದ ಬಟ್ಟೆಯ ವಿರುದ್ಧ ನಡೆದ ಗಲಾಟೆಗೆ ಒಂದು ಸಾಲೂ ಕೊಟ್ಟಿಲ್ಲ. ಗುಜರಾತ್, ಕೋರಮಂಡಲ, ಬಂಗಾಳದ ಹತ್ತಿ ಬಟ್ಟೆ ಅಲ್ಲಿನ ಹೆಂಗಸರಿಗೆ ಎಷ್ಟು ಹಿಡಿಸಿತ್ತೆಂದರೆ 1719ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರು ತಮ್ಮ ಕೆಲಸಕ್ಕೆ ಕುತ್ತು ಬಂತೆಂದು ಬೀದಿಗಿಳಿದರು. ಚೀಟಿ ಬಟ್ಟೆ (ಅಚ್ಚು ಹಾಕಿದ ಹತ್ತಿ ಬಟ್ಟೆ) ತೊಟ್ಟವರ ಮೈಮೇಲಿನ ಗೌನನ್ನೇ ಹರಿದರು, ಕೆಲವರು ಆಸಿಡ್ ಎರಚಿದರು. ಭಾರತದ ಅಚ್ಚಿನ ಬಟ್ಟೆಯನ್ನು ಅಲ್ಲಿ ಮಾರುವುದಕ್ಕೆ 1701ರಿಂದಲೇ ತಡೆ ಇತ್ತು. ಬಿಳಿ ಬಟ್ಟೆ ತರಿಸಿ ಅಲ್ಲೇ ಅಚ್ಚು ಹಾಕುವ ದಾರಿ ಉಳಿದಿತ್ತು. 1721ರ ಕಾಯ್ದೆ ಅದನ್ನೂ ಮುಚ್ಚಿತು: ತೊಟ್ಟು ಸಿಕ್ಕಿಬಿದ್ದರೆ 5 ಪೌಂಡ್ ದಂಡ. ಪೂರ್ತಿ ನೀಲಿ ಬಣ್ಣದ ಬಟ್ಟೆಗೆ, ಮಸ್ಲಿನ್‌ಗೆ ವಿನಾಯಿತಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಕೋಠಿ (ವ್ಯಾಪಾರ ಕೇಂದ್ರ) ನಮ್ಮ ಕಾರವಾರದಲ್ಲಿ ಕಾಳುಮೆಣಸು ಕೊಳ್ಳುತ್ತಿದ್ದ ಕಾಲವೂ ಅದೇ. ಇಷ್ಟೆಲ್ಲ ಬಿಟ್ಟು ನೀವು ವಿಗ್ ಮತ್ತು ಟೋರಿ ಎಂಬ ಅಲ್ಲಿನ ಎರಡು ರಾಜಕೀಯ ಪಕ್ಷದವರ ವೇಷಭೂಷಣಕ್ಕೆ ಒಂದು ಪೂರ್ತಿ ಸ್ಲೈಡ್ ಮೀಸಲಿಟ್ಟಿದ್ದೀರಿ.

ಪಾಠ ‘ವಿಷಯತಜ್ಞರ ಪರಿಶೀಲನೆ’ಗೆ ಒಳಪಟ್ಟಿದೆ ಎಂದು ಮುಖಪುಟದಲ್ಲೇ ಹಾಕಿಕೊಂಡಿದ್ದೀರಿ. ಪರಿಶೀಲಿಸಿದವರು ಯಾವ ತಿಂಗಳು ಏನಾಯಿತು ಎಂದು ನೋಡಿದ್ದರೂ ಸಾಕಿತ್ತು.

ಮಾಕ್ ಟೆಸ್ಟ್‌ನ ಉತ್ತರ ತಿದ್ದಿ, ಅದನ್ನು ಬರೆದ ಎಲ್ಲರ ಅಂಕ ಸರಿಪಡಿಸಬೇಕು. ನೋಟ್ಸ್ ತಿದ್ದಿದ ಮೇಲೆ ಏನು ತಿದ್ದಿದ್ದೀರೆಂದು ಚಂದಾದಾರರಿಗೆಲ್ಲ ತಿಳಿಸಬೇಕು, ಸದ್ದಿಲ್ಲದೆ ಬದಲಿಸಿದರೆ ತಪ್ಪನ್ನೇ ಬಾಯಿಪಾಠ ಮಾಡಿದವರಿಗೆ ಗೊತ್ತಾಗುವುದಿಲ್ಲ. ಉಳಿದ ಅವಧಿಯ ಚಂದಾ ಹಣ ನನ್ನ ಬ್ಯಾಂಕ್ ಖಾತೆಗೇ ಬರಬೇಕು. ಆ್ಯಪ್‌ನ ವಾಲೆಟ್‌ಗೆ ಹಾಕಿ, ಮುಂದಿನ ಕೋರ್ಸ್‌ಗೆ ಬಳಸಿಕೊಳ್ಳಿ ಎನ್ನುವುದು ಬೇಡ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕುತ್ತೇನೆ.

ಇಂತಿ,
ನಿಮ್ಮ ಚಂದಾದಾರಳು

ಲಗತ್ತು: ಹಣ ಕಟ್ಟಿದ ರಸೀದಿ, ಮಾಕ್ ಟೆಸ್ಟ್ ಮತ್ತು ನೋಟ್ಸ್‌ನ ಸ್ಕ್ರೀನ್‌ಶಾಟ್‌ಗಳು, ‘ಬಗೆಹರಿದಿದೆ’ ಎಂಬ ನಿಮ್ಮ ಮೆಸೇಜ್