ಕಷಾಯ ಕುಡೀರಿ, ರಕ್ತ ಕ್ಷಾರ ಆಗುತ್ತೆ ಅಂತ ಮಾತ್ರ ಹೇಳ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಅಲ್ಕಲೈನ್ ಅಂದ್ರೆ ಕ್ಷಾರೀಯ ಗಿಡಮೂಲಿಕೆ ಮತ್ತೆ ಹರ್ಬಲ್ ಟೀ ಬಗ್ಗೆ ಅರ್ಧ ಪುಟದ ಲೇಖನ ಹಾಕಿದ್ರಲ್ಲ, ಅದನ್ನ ನಮ್ಮ ಡೊಂಬಿವಲಿ ಸೊಸೈಟಿಯ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಯಾರೋ ಫೋಟೋ ಹೊಡ್ದು ಹಾಕಿ, ಮಧ್ಯಾಹ್ನದೊಳಗೆ ಎಲ್ರೂ ಕೈ ಮುಗಿದು, ಸಂಜೆ ಹೊತ್ತಿಗೆ ಪಕ್ಕದ ವಿಂಗ್‌ನ ಒಬ್ರು ‘ಅಕ್ಕ, ನಾನು ಶುಗರ್ ಮಾತ್ರೆ ಬಿಟ್ಟು ಇದನ್ನೇ ಕುಡೀಲಾ’ ಅಂತ ನನ್ನ ಕೇಳೋವರೆಗೂ ಬಂತು. ಅದಕ್ಕೇ ಈ ಪತ್ರ.

ತುಳಸಿ, ಪುದೀನ, ಜೀರಿಗೆ ಕಷಾಯ ಎಲ್ಲ ಒಳ್ಳೇದು ಅಂದಿದ್ದಕ್ಕೆ ನನ್ನ ತಕರಾರಿಲ್ಲ, ನಮ್ಮನೇಲೂ ದಿನಾ ಅದೇ. ತಕರಾರು ಇರೋದು ಒಂದೇ ಸಾಲಿನ ಬಗ್ಗೆ. ಇವು ರಕ್ತದಲ್ಲಿರೋ ಆಸಿಡ್ ತೆಗ್ದು ದೇಹನ ಕ್ಷಾರ ಮಾಡುತ್ತೆ, ಕ್ಷಾರ ಆದ ದೇಹದಲ್ಲಿ ಯಾವ ಕಾಯಿಲೆನೂ ನಿಲ್ಲಲ್ಲ ಅಂತ ಬರೆದಿದ್ದಾರೆ.

ನಾನು ಡಾಕ್ಟರಲ್ಲ. ಪರೇಲ್ ಕಡೆ ಒಂದು ಆಸ್ಪತ್ರೆ ಲ್ಯಾಬಲ್ಲಿ ರಿಟೈರ್ ಆಗೋ ತನಕ ಟೆಕ್ನಿಷಿಯನ್ ಆಗಿದ್ದೆ, ಈ ಪಿಎಚ್ ಅನ್ನೋ ನಂಬರ್ ಜೊತೆಗೇ ನನ್ನ ಆಯುಷ್ಯ ಕಳೀತು ಅಂದ್ರೂ ತಪ್ಪಿಲ್ಲ. ಪಿಎಚ್ ಅಂದ್ರೆ ಆಸಿಡ್ಡೋ ಕ್ಷಾರವೋ ಅಂತ ಅಳೆಯೋ ಲೆಕ್ಕ, 7ಕ್ಕಿಂತ ಕಮ್ಮಿ ಇದ್ರೆ ಆಸಿಡ್, ಜಾಸ್ತಿ ಇದ್ರೆ ಕ್ಷಾರ. ಮನುಷ್ಯನ ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರ್ಬೇಕು, ಅಂದ್ರೆ ರಕ್ತ ಮೊದಲಿಂದ್ಲೂ ಸ್ವಲ್ಪ ಕ್ಷಾರಾನೇ, ಅದನ್ನ ಯಾರೂ ಹೊಸದಾಗಿ ಮಾಡಿ ಕೊಡೋದೇನಿಲ್ಲ. ಐಸಿಯುನಿಂದ ಐಸ್ ಮೇಲಿಟ್ಟ ಸಿರಿಂಜಲ್ಲಿ ರಕ್ತ ಬರ್ತಿತ್ತು, ಗುಳ್ಳೆ ತೆಗ್ದು ಮಷೀನಿಗೆ ಕೊಟ್ರೆ ಸ್ವಲ್ಪ ಹೊತ್ತಲ್ಲೇ ನಂಬರ್ ಬರೋದು, 7.2 ಕಂಡ್ರೆ ಪ್ರಿಂಟ್ ಬರೋವರೆಗೂ ಕಾಯದೆ ಫೋನ್ ಎತ್ತಿ ವಾರ್ಡಿಗೆ ಹೇಳ್ತಿದ್ವಿ. 7.6 ಬಂದ್ರೂ ಅದೇ ಓಟ, ಕ್ಷಾರ ಜಾಸ್ತಿ ಆಯ್ತಲ್ಲ ಒಳ್ಳೇದೇ ಆಯ್ತು ಅಂತ ಯಾವ ಡಾಕ್ಟರೂ ಖುಷಿ ಪಟ್ಟಿದ್ದು ನಾ ಕಾಣೆ. ಪಾಲಕ್ ತಿಂದ್ರೂ ವಡಾಪಾವ್ ತಿಂದ್ರೂ ಆರೋಗ್ಯವಾಗಿರೋರ ಈ ನಂಬರ್ ಅಲ್ಲಾಡಲ್ಲ. ಆಸಿಡ್ ಹೆಚ್ಚಾದ್ರೆ ಶ್ವಾಸಕೋಶ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಬಿಟ್ಟು ಸರಿ ಮಾಡುತ್ತೆ, ಉಳಿದದ್ದನ್ನ ಕಿಡ್ನಿ ನಿಧಾನಕ್ಕೆ ಮೂತ್ರದಲ್ಲಿ ಕಳಿಸುತ್ತೆ.

ಊಟದಿಂದ ಬದಲಾಗೋದು ಮೂತ್ರದ ಪಿಎಚ್. ಅದು ಸುಮಾರು 4.5ರಿಂದ 8ರವರೆಗೂ ಓಡಾಡುತ್ತೆ, ಸೊಪ್ಪು ಹಣ್ಣು ಜಾಸ್ತಿ ತಿಂದ ದಿನ ಮೂತ್ರದಲ್ಲಿ ಅದ್ದೋ ಪಿಎಚ್ ಕಾಗದದ ಸ್ಟ್ರಿಪ್ ಹಸಿರು ಕಡೆ ತಿರುಗುತ್ತೆ, ಮಾಂಸ ಜಾಸ್ತಿ ಆದ್ರೆ ಕಿತ್ತಳೆ ಕಡೆ. ಇದನ್ನ ತೋರ್ಸಿ ನೋಡಿ ನಿಮ್ಮ ದೇಹ ಶುದ್ಧ ಆಯ್ತು ಅಂತಾರೆ, ಆದ್ರೆ ಆ ಬಣ್ಣ ಹೇಳೋದು ಕಿಡ್ನಿ ತನ್ನ ಕೆಲಸ ಮಾಡ್ತಿದೆ ಅಂತ ಅಷ್ಟೇ. ಆಹಾರ ಸುಟ್ಟು ಉಳಿದ ಬೂದಿ ಆಸಿಡ್ಡೋ ಕ್ಷಾರವೋ ಅಂತ ನೋಡೋ ಹಳೇ ಕಾಲದ ಲೆಕ್ಕ ಒಂದಿತ್ತು, ನಾಲಿಗೆ ಚುರ್ ಅನ್ನಿಸೋ ನಿಂಬೆಹಣ್ಣನ್ನ ಕ್ಷಾರ ಅಂತ ಕರೆಯೋಕೆ ಧೈರ್ಯ ಬಂದಿದ್ದು ಅಲ್ಲಿಂದ್ಲೇ. ಅಮೆರಿಕದಲ್ಲಿ ಇದೇ ಮಾತನ್ನ ದೊಡ್ಡ ವ್ಯಾಪಾರ ಮಾಡ್ಕೊಂಡಿದ್ದ ರಾಬರ್ಟ್ ಯಂಗ್ ಅನ್ನೋನಿಗೆ ಲೈಸೆನ್ಸ್ ಇಲ್ದೆ ವೈದ್ಯ ಮಾಡಿದ ಕೇಸಲ್ಲಿ 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆ ಆಯ್ತು, ಇಲ್ಲಿ ನಮ್ಮ ಪುರವಣಿಗಳಲ್ಲಿ ಅದು ಇನ್ನೂ ಹೊಸ ಸಂಶೋಧನೆ.

ಇನ್ನು ಹೊಟ್ಟೆ ವಿಷಯ. ಜಠರದ ಪಿಎಚ್ ಹೆಚ್ಚು ಕಮ್ಮಿ 1.5ರಿಂದ 3.5, ನೀವು ಎಂಥ ಕ್ಷಾರದ ಟೀ ಕುಡಿದ್ರೂ ಮೊದಲು ಅಲ್ಲೇ ಬೀಳೋದು, ಆಮೇಲೆ ಕರುಳಿಗೆ ಇಳಿಯೋವಾಗ ಮೇದೋಜೀರಕ ಗ್ರಂಥಿ ತಾನೇ ಬೈಕಾರ್ಬನೇಟ್ ಅನ್ನೋ ಕ್ಷಾರ ಸೇರ್ಸುತ್ತೆ. ತಮಾಷೆ ಏನಂದ್ರೆ ಲೇಖನದ ಪಟ್ಟಿಲಿ ಕ್ಷಾರೀಯ ಅಂತ ಮೊದಲು ಕೊಟ್ಟಿರೋ ಕೆಂಪು ದಾಸವಾಳದ ಟೀನೇ ಚೆನ್ನಾಗಿ ಹುಳಿ. ಅಂಗಡಿಲಿ ಆ ಹೆಸರಲ್ಲಿ ಸಿಗೋದು ಮನೆ ಮುಂದಿನ ದಾಸವಾಳ ಅಲ್ಲ, ಪುಂಡಿ ಜಾತಿ ಗಿಡದ ಹೂವಿನ ಬುಡದಲ್ಲಿರೋ ಕೆಂಪು ಪುಷ್ಪಪಾತ್ರೆ, ಇಲ್ಲಿ ಮರಾಠಿಯವರು ಅಂಬಾಡಿ ಅಂತಾರಲ್ಲ ಅದು. ಆ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ, ಕೆಂಪು ಹೋಗಿ ನೀಲಿ ಹಸಿರು ಕಡೆ ತಿರುಗುತ್ತೆ, ಅಂದ್ರೆ ಕೆಂಪಗಿದ್ದಾಗ ಅದು ಆಸಿಡ್. ಹಾಗಂತ ಕೆಟ್ಟದ್ದಲ್ಲ, ಬಿಪಿ ಸ್ವಲ್ಪ ಇಳಿಸುತ್ತೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ, ಬಿಪಿ ಮಾತ್ರೆ ತಗೊಳ್ಳೋರು ಅದ್ರ ಮೇಲೆ ಇದನ್ನೂ ಲೋಟಗಟ್ಲೆ ಕುಡಿಯೋ ಮುಂಚೆ ಡಾಕ್ಟರಿಗೊಂದು ಮಾತು ಹೇಳ್ಬೇಕು ಅಷ್ಟೇ.

ಇದು ಬರೀ ಪೇಪರ್‌ನ ಸಂಗತಿ ಆಗಿದ್ರೆ ಸುಮ್ನಿರ್ತಿದ್ದೆ. ಈಚೆಗೆ ನಮ್ಮೋರದ್ದೇ ಒಂದು ಅರಿಶಿನ ಕುಂಕುಮಕ್ಕೆ ಹೋಗಿದ್ದೆ, ಫಲಹಾರ ಆದ್ಮೇಲೆ ಒಬ್ಳು ಹುಡುಗಿ ಎರಡು ಗ್ಲಾಸ್ ನೀರಿಟ್ಟು ಎರಡಕ್ಕೂ ಸಣ್ಣ ಬಾಟಲಿಯಿಂದ ಮೂರು ಮೂರು ಹನಿ ಬಿಟ್ಳು, ನಲ್ಲಿ ನೀರು ಹಳದಿ ಹಸಿರಾಯ್ತು, ಅವಳು ತಂದಿದ್ದ ಅಲ್ಕಲೈನ್ ನೀರು ನೇರಳೆ ಆಯ್ತು, ಸುತ್ತ ಕೂತಿದ್ದ ಹೆಂಗಸರೆಲ್ಲ ಅಯ್ಯೋ ಇಷ್ಟು ವರ್ಷ ನಾವು ಕುಡಿದಿದ್ದೇನು ಅಂತ ಬಾಯಿ ಬಿಟ್ರು. ಅದು ಲ್ಯಾಬಲ್ಲಿ ನಾವು ದಿನಾ ಬಳಸೋ ಥರದ್ದೇ ಬಣ್ಣದ ದ್ರಾವಣ, ನೀರು ಚೂರು ಕ್ಷಾರ ಇದ್ರೆ ಬಣ್ಣ ತಿರುಗುತ್ತೆ, ನೀರಲ್ಲಿ ಕೊಳೆ ಇದೆಯಾ ರೋಗ ಇದೆಯಾ ಅಂತ ಅದಕ್ಕೇನು ಗೊತ್ತು. ಆಮೇಲೆ ಬ್ಯಾಗಿಂದ ಟೀ ಪ್ಯಾಕೆಟ್ ಬಂತು, ತೂಕ ಇಳಿಯುತ್ತೆ ಹೊಟ್ಟೆ ಕ್ಲೀನ್ ಆಗುತ್ತೆ ಅಂತ. ಕನ್ನಡಕ ಹಾಕ್ಕೊಂಡು ಹಿಂದುಗಡೆ ಓದಿದ್ರೆ ಸಣ್ಣ ಅಕ್ಷರದಲ್ಲಿ ಸೋನಾಮುಖಿ. ಭೇದಿ ಮಾಡಿಸೋ ಎಲೆ ಅದು, ಕ್ಲೀನ್ ಆಗದೆ ಇನ್ನೇನಾಗುತ್ತೆ! ಇಳಿಯೋ ತೂಕ ನೀರಿಂದು, ದಿನಾ ಕುಡಿದ್ರೆ ಪೊಟ್ಯಾಸಿಯಂ ಕೂಡ ಅದ್ರ ಜೊತೆಗೇ ಹೋಗುತ್ತೆ, ಹಾರ್ಟ್ ತೊಂದ್ರೆ ಇರೋರಿಗೆ ಅದು ಆಟ ಅಲ್ಲ.

ಸಾವಿರ ರೂಪಾಯಿ ಕೊಟ್ಟು ಇದೆಲ್ಲ ಯಾಕೆ ಬೇಕು ಹೇಳಿ. ಸ್ಟೇಷನ್ ಹೊರಗೆ ತರಕಾರಿ ಮಾರೋಳು ಗವತಿ ಚಹಾ ಅಂತ ಉದ್ದ ಹುಲ್ಲನ್ನ ಮಡಚಿ, ಅದರದ್ದೇ ಒಂದು ಎಲೆ ಸುತ್ತಿ ಗಂಟು ಹಾಕಿ ಕೊಡ್ತಾಳೆ, ಊರಲ್ಲಿ ನಾವು ಮಜ್ಜಿಗೆ ಹುಲ್ಲು ಅಂತೀವಿ, ಜೊತೆಗೆ ಶುಂಠಿ ಪುದೀನ ತಗೊಂಡ್ರೂ ಒಂದು ಕಟಿಂಗ್ ಚಾಯ್, ಅಂದ್ರೆ ಅರ್ಧ ಗ್ಲಾಸ್ ಚಹಾಗಿಂತ ಚೂರು ಜಾಸ್ತಿ ಖರ್ಚು. ಕಷಾಯ ಪುಡಿಗೆ ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ಸ್ವಲ್ಪ ಕಾಳುಮೆಣಸು, ಒಣಶುಂಠಿ, ಚೂರೇ ಚೂರು ಮೆಂತೆ. ಎಲ್ಲ ಒಟ್ಟಿಗೆ ಬಾಣಲೆಗೆ ಸುರೀಬೇಡಿ, ಕೊತ್ತಂಬರಿ ಘಮ ಬರೋಷ್ಟರಲ್ಲಿ ಜೀರಿಗೆ ಕರಟಿರುತ್ತೆ, ಬೇರೆ ಬೇರೆ ಹುರಿದು ಆರಿಸಿ ತರಿತರಿ ಪುಡಿ ಮಾಡಿ. ಇದ್ರಿಂದ ಸಿಗೋ ನಿಜವಾದ ಲಾಭ ಏನಂದ್ರೆ ಸಂಜೆ ಎರಡು ಚಮಚ ಸಕ್ಕರೆ ಹಾಕಿದ ಮೂರನೇ ಚಹಾ ತಪ್ಪುತ್ತೆ, ಬೆಲ್ಲ ಮುಷ್ಟಿಗಟ್ಲೆ ಹಾಕಿದ್ರೆ ಅದೂ ಇಲ್ಲ. ಒಂದೆಲಗದ ತಂಬುಳಿ, ಸಾಂಬಾರಬಳ್ಳಿ ತಂಬುಳಿ, ಪುನರ್ಪುಳಿ ಸಾರು ಇವನ್ನೂ ಬರೀರಿ, ಪುನರ್ಪುಳಿ ಅಂತೂ ಶುದ್ಧ ಹುಳಿ, ಆದ್ರೂ ಒಳ್ಳೇದೇ. ಅಲ್ಕಲೈನ್ ಡಯಟ್ ಮಾಡಿ ಕೆಲವರಿಗೆ ಹಾಯೆನಿಸೋದು ಸುಳ್ಳಲ್ಲ, ಕರಿದದ್ದು ಬಿಟ್ಟು ತರಕಾರಿ ತಿಂದ್ರೆ ಯಾರಿಗಾದ್ರೂ ಹಾಯೆನಿಸುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಲೂ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತಾನೇ ಇದೆ, ನಮ್ಮಲ್ಲಿ ಎಷ್ಟು ಜನರ ತಟ್ಟೆಲಿ ಅದರರ್ಧ ಇರುತ್ತೋ.

ಲೇಖನದಲ್ಲಿ ಒಂದು ಸಾಲೂ ಇಲ್ಲದೇ ಇದ್ದದ್ದು ಎಚ್ಚರಿಕೆ. ಅತಿಮಧುರ ಗಂಟಲಿಗೆ ಒಳ್ಳೇದು ಸರಿ, ದಿನಾ ಜಾಸ್ತಿ ತಗೊಂಡ್ರೆ ಬಿಪಿ ಏರುತ್ತೆ ಪೊಟ್ಯಾಸಿಯಂ ಇಳಿಯುತ್ತೆ. ಅಮೃತಬಳ್ಳಿ ಕಷಾಯ ಕುಡಿದೋರಲ್ಲಿ ಲಿವರ್ ಕೆಟ್ಟ ಕೇಸುಗಳನ್ನ 2021ರಲ್ಲಿ ನಮ್ಮ ಮುಂಬಯಿ ಡಾಕ್ಟರುಗಳೇ ವರದಿ ಮಾಡಿದ್ರು, ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಅದೇ ಥರದ ಬೇರೆ ಬಳ್ಳಿ ಇರಬಹುದು ಅಂತು. ಬಳ್ಳಿ ಗುರುತೇ ಇಷ್ಟು ಕಷ್ಟ ಅಂದ್ಮೇಲೆ ಪುಡಿ ಮಾಡಿ ಪ್ಯಾಕ್ ಮಾಡಿದ್ದನ್ನ ನಾವು ನೀವು ಗುರುತು ಹಿಡಿಯೋದು ಹೇಗೆ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಡುಗೆ ಸೋಡಾ ನೀರು ಅಂತ ಬರೆದಿದ್ದಾರಲ್ಲ, ಒಂದು ಟೀ ಚಮಚದಲ್ಲಿ 1,200 ಮಿಲಿಗ್ರಾಂ ಮೇಲೆ ಸೋಡಿಯಂ ಇದೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಇಡೀ ದಿನಕ್ಕೆ 2,000 ದಾಟಬೇಡಿ ಅನ್ನುತ್ತೆ. ಕಿಡ್ನಿ ಕಾಯಿಲೆ ಇರೋರಿಗೆ ಸೊಪ್ಪು ತರಕಾರಿಯ ಹಸಿರು ಜ್ಯೂಸಲ್ಲಿರೋ ಪೊಟ್ಯಾಸಿಯಮ್ಮೇ ಕುತ್ತು ತರಬಹುದು. ರಕ್ತ ಕಮ್ಮಿ ಇರೋ ಹೆಂಗಸರು ಚಹಾ ಕಾಫಿನ ಊಟದ ಜೊತೆ ತಗೋಬಾರದು ಅಂತ ಎಲ್ರಿಗೂ ಗೊತ್ತು, ಪುದೀನ ಟೀನೂ ಹಾಗೇ ಕಬ್ಬಿಣ ಹೀರದಂತೆ ತಡೆಯುತ್ತೆ, ಅದಕ್ಕೂ ಊಟಕ್ಕೂ ಒಂದು ಗಂಟೆ ಅಂತರ ಇರಲಿ.

ಕ್ಷಾರದ ಔಷಧಿ ಅನ್ನೋದೇ ಇಲ್ಲ ಅಂತಲ್ಲ. ಕಿಡ್ನಿಲಿ ಯೂರಿಕ್ ಆಸಿಡ್ ಕಲ್ಲಾದ್ರೆ ಮೂತ್ರದ ಪಿಎಚ್ ಏರಿಸೋಕೆ ಸಿಟ್ರೇಟ್ ಅನ್ನೋ ಔಷಧಿ ಕೊಡ್ತಾರೆ, ಕೆಲವು ಕಿಡ್ನಿ ಪೇಷಂಟ್‌ಗಳಿಗೆ ಸೋಡಾ ಬೈಕಾರ್ಬ್, ಅಂದ್ರೆ ಅದೇ ಅಡುಗೆ ಸೋಡಾದ ಮಾತ್ರೆನೇ ಕೊಡ್ತಾರೆ, ಆದ್ರೆ ರಿಪೋರ್ಟ್ ನೋಡಿ, ಅಳತೆ ಮಾಡಿ.

ಕೊನೆಗೆ ಒಂದು ಕೋರಿಕೆ. ಆ ಲೇಖನದ ಕೆಳಗೇ ಅದೇ ಥರದ ಟೀ ಪ್ಯಾಕೆಟ್ಟಿನ ಚೌಕ ಇತ್ತು, ಫೋನ್ ನಂಬರ್ ಸಮೇತ, ಲೇಖನ ಎಲ್ಲಿ ಮುಗೀತು ಜಾಹೀರಾತು ಎಲ್ಲಿ ಶುರುವಾಯ್ತು ಅಂತ ನನಗೇ ತಿಳೀಲಿಲ್ಲ. ಜಾಹೀರಾತು ಹಾಕ್ಬೇಡಿ ಅನ್ನಲ್ಲ, ಪೇಪರ್ ನಡೀಬೇಕಲ್ಲ. ಅದರ ಮೇಲೆ ಜಾಹೀರಾತು ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಮುಂದಿನ ಭಾನುವಾರ ಅದೇ ಜಾಗದಲ್ಲಿ ಯಾರಾದ್ರೂ ಕಿಡ್ನಿ ಡಾಕ್ಟರ್ ಹತ್ರ ನಾಲ್ಕು ಮಾತು ಬರೆಸಿ. ಪಕ್ಕದ ವಿಂಗ್‌ನೋರಿಗೆ ಮಾತ್ರೆ ಬಿಡ್ಬೇಡಿ ಅಂತ ನಾನು ಹೇಳಿದೀನಿ, ಪೇಪರಲ್ಲಿ ಬಂದಿದ್ಯಲ್ಲ ಅಂತ ಅವ್ರು ಇನ್ನೂ ವಾದ ಮಾಡ್ತಿದ್ದಾರೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಡೊಂಬಿವಲಿ ಪೂರ್ವ